ಮೂಕವಾದ ಸಬ್‌ವೂಫರ್: ದೋಷವನ್ನು ಅರಸುವ ಕ್ರಮ

ಸಂಗೀತದ ಮಂದ್ರ ಧ್ವನಿಗಳನ್ನು ಹೊರಡಿಸಲೆಂದೇ ಕಾರಿನ ಡಿಕ್ಕಿಯಲ್ಲಿ ಇರಿಸುವ ದೊಡ್ಡ ಧ್ವನಿವರ್ಧಕಕ್ಕೆ ಸಬ್‌ವೂಫರ್ ಎಂದು ಹೆಸರು. ಸೆಕೆಂಡಿಗೆ ಸುಮಾರು 20ರಿಂದ 100 ಕಂಪನಗಳುಳ್ಳ ಧ್ವನಿಗಳು ಇದರ ಪಾಲಿನವು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರರು ವಿವರಿಸಿದ ರಚನೆಯೇ ಇದರ ಮೂಲ. ಅಯಸ್ಕಾಂತದ ನಡುವೆ ಇರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಸುರುಳಿಯು ಅಲುಗುತ್ತದೆ. ಅದಕ್ಕೆ ಅಂಟಿರುವ ಶಂಕುವು ಗಾಳಿಯನ್ನು ನೂಕಿ ಧ್ವನಿಯನ್ನು ಉಂಟುಮಾಡುತ್ತದೆ.

ಬೆಳಗಾವಿಗೂ ಖಾನಾಪುರಕ್ಕೂ ನಿತ್ಯ ಓಡಾಡುವ ಕಾರೊಂದರಲ್ಲಿ ಈ ಸಾಧನವು ಮಳೆಗಾಲದ ಕೊನೆಗೆ ಮೂಕವಾಯಿತೆಂದು ಭಾವಿಸೋಣ. ಮಲಪ್ರಭೆಯು ಹುಟ್ಟುವ ಕಣಕುಂಬಿಯನ್ನು ಒಳಗೊಂಡ ಖಾನಾಪುರ ತಾಲ್ಲೂಕಿನ ಮಳೆಯು ಪ್ರಸಿದ್ಧವಾದುದು. ಆ ತೇವವು ಡಿಕ್ಕಿಯೊಳಗೂ ಸೇರಿ ಲೋಹದ ಕೂಡುಗಳಿಗೆ ತುಕ್ಕು ಹಿಡಿಸಬಲ್ಲದು. ಆದುದರಿಂದ ಹೊಸದನ್ನು ಕೊಳ್ಳುವ ಮೊದಲು, ಬ್ಯಾಟರಿಯಿಂದ ಹೊರಟ ವಿದ್ಯುತ್ತು ಎಲ್ಲಿ ನಿಂತಿದೆಯೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಪರಿಶೀಲಿಸಬೇಕು.

ಮೊದಲನೆಯದಾಗಿ, ಬ್ಯಾಟರಿಯ ಬಳಿಯ ಫ್ಯೂಸನ್ನು ನೋಡೋಣ. ಅದು ಸುಟ್ಟಿದ್ದರೆ ಕಾರಣವನ್ನು ಹುಡುಕಿ, ಅಷ್ಟೇ ಆಂಪಿಯರಿನ ಹೊಸ ಫ್ಯೂಸನ್ನು ಹಾಕಬೇಕು. ಅದರ ಬದಲಿಗೆ ದಪ್ಪ ತಂತಿಯನ್ನು ಸುತ್ತುವುದು ಮಹಾಪ್ರಮಾದ. ತಂತಿಯ ಹೊದಿಕೆ ಸವೆದು ಕಾರಿನ ಲೋಹಕ್ಕೆ ತಾಗಿದರೆ ನೂರಾರು ಆಂಪಿಯರು ಹರಿದು ಬೆಂಕಿ ಹೊತ್ತಿಕೊಳ್ಳುವುದು.

ಎರಡನೆಯದಾಗಿ, ಆಂಪ್ಲಿಫೈಯರಿನ ಧನ ಮತ್ತು ಗ್ರೌಂಡ್ ತುದಿಗಳ ನಡುವೆ ಮಲ್ಟಿಮೀಟರಿನಿಂದ ಅಳೆಯೋಣ. ಅದು 12 ವೋಲ್ಟು ತೋರಿಸಿತೆಂದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಗ್ರೌಂಡಿನ ಕೂಡಿನಲ್ಲಿ ತುಕ್ಕಿನಿಂದ 0.1 ಓಂ ರೋಧವಿದೆಯೆನ್ನೋಣ. ಮೀಟರು ಎಳೆಯುವ ಪ್ರವಾಹವು ಅತ್ಯಲ್ಪವಾದುದರಿಂದ ಆಗ ನಷ್ಟವು ಕಾಣಿಸದು. ಆದರೆ ಆಂಪ್ಲಿಫೈಯರು 30 ಆಂಪಿಯರು ಎಳೆದಾಗ, ಓಮನ ನಿಯಮದಂತೆ, 30 × 0.1 = 3 ವೋಲ್ಟು ಅಲ್ಲಿಯೇ ನಷ್ಟವಾಗಿ 9 ವೋಲ್ಟು ಮಾತ್ರ ಉಳಿಯುತ್ತದೆ. ಅಷ್ಟರಲ್ಲಿ ಅನೇಕ ಆಂಪ್ಲಿಫೈಯರುಗಳು ಕೆಲಸ ಮಾಡಲಾರವು. ಹೆಡ್‌ಲೈಟಿನ 55 ವಾಟಿನ ಬಲ್ಬನ್ನು ಆ ತುದಿಗಳಿಗೆ ಜೋಡಿಸಿ ಮತ್ತೆ ಅಳೆದರೆ ಈ ದೋಷವು ಹೊರಬೀಳುತ್ತದೆ. ವೋಲ್ಟೇಜು ಅರ್ಧ ವೋಲ್ಟಿನಷ್ಟು ಕುಸಿದರೂ ಕೂಡನ್ನು ಬಿಚ್ಚಿ, ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆದು, ಬಿಗಿದು, ಮೇಲೆ ಗ್ರೀಸ್ ಸವರಬೇಕು.

ಮೂರನೆಯದಾಗಿ, ರೇಡಿಯೋ ಹಾಕಿದಾಗ ರಿಮೋಟ್ ತಂತಿಯಲ್ಲಿಯೂ ಸುಮಾರು 12 ವೋಲ್ಟು ಇರಬೇಕು. ಆಂಪ್ಲಿಫೈಯರನ್ನು ಎಚ್ಚರಿಸುವುದು ಅದೇ.

ಕೊನೆಯದಾಗಿ, ಧ್ವನಿವರ್ಧಕದ ತಂತಿಗಳನ್ನು ಬಿಡಿಸಿ ಸುರುಳಿಯನ್ನು ಪರೀಕ್ಷಿಸೋಣ. 4 ಓಮಿನ ಸುರುಳಿಯು ಮೀಟರಿನಲ್ಲಿ 3ರಿಂದ 4 ಓಂ ತೋರಿಸುವುದು. ರೋಧವು ಅನಂತವೆಂದು ಕಂಡರೆ ತಂತಿ ಕಡಿದಿದೆ. 1.5 ವೋಲ್ಟಿನ ಟಾರ್ಚಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಒಳ್ಳೆಯ ಶಂಕುವು ಪುಟಿಯುತ್ತದೆ. ಶಂಕುವಿನ ಹೊರಗಿನ ಎಳೆತಂತಿ ಕಡಿದಿದ್ದರೆ ಬೆಸುಗೆ ಸಾಕು. ಸುರುಳಿಯೇ ಸುಟ್ಟಿದ್ದರೆ ಸ್ಪೀಕರ್ ರಿಪೇರಿಯವರು ಹೊಸ ಸುರುಳಿ ಹಾಕಿಕೊಡಬಲ್ಲರು. ಇವೆಲ್ಲವೂ ಸರಿಯಿದ್ದು, ರೇಡಿಯೋದಿಂದ ಬರುವ ಸಂಕೇತದ ತಂತಿಯೂ ಸರಿಯಾಗಿದ್ದರೆ ಮಾತ್ರ ಆಂಪ್ಲಿಫೈಯರಿನ ಒಳಗನ್ನು ಶಂಕಿಸಿ, ಅದನ್ನು ಬಲ್ಲವರಿಗೆ ಒಪ್ಪಿಸಬೇಕು.

ಒಂದೊಂದು ಅಳತೆಯೂ ಒಂದೊಂದು ಶಂಕೆಯನ್ನು ನಿವಾರಿಸುತ್ತದೆ. ಸಾವಿರಾರು ರೂಪಾಯಿಯ ವೆಚ್ಚವೆಂದು ತೋರಿದ ದೋಷವು ಎಷ್ಟೋ ಸಲ ಒಂದು ತುಂಡು ಉಜ್ಜುಕಾಗದದಿಂದ ನೀಗುವುದು. ಕ್ರಮವರಿತು ಅಳೆಯುವವನಿಗೆ ಓಮನ ನಿಯಮವು ಪರೀಕ್ಷೆಯ ಪಾಠವಷ್ಟೇ ಅಲ್ಲ, ಕೈಗೆ ಒದಗುವ ಉಪಕರಣವೂ ಹೌದು.