ಕೀನ್ಯಾ ಪ್ರವಾಸ: ರಜಾದಿನಗಳು ಮತ್ತು ಸುರಕ್ಷತೆ

ಕೀನ್ಯಾಕ್ಕೆ ಸರಕು ಕಳುಹಿಸುವ ಸದಸ್ಯರು ಖರೀದಿದಾರರನ್ನು ಕಾಣಲು ನೈರೋಬಿ, ಮೊಂಬಾಸಾಗಳಿಗೆ ಹೊರಡುವಾಗ ವಿಮಾನದರವನ್ನು ಹತ್ತು ಬಾರಿ ವಿಚಾರಿಸುತ್ತಾರೆ. ಆ ದೇಶದ ರಜಾಪಟ್ಟಿಯನ್ನು ನೋಡುವವರು ವಿರಳ.

ಅಲ್ಲಿನ 2010ರ ಸಂವಿಧಾನವು ಮೂರು ರಾಷ್ಟ್ರೀಯ ದಿನಗಳನ್ನು ಹೆಸರಿಸಿದೆ: ಜೂನ್ 1ರ ಮದರಾಕಾ, ಅಕ್ಟೋಬರ್ 20ರ ಮಶುಜಾ, ಡಿಸೆಂಬರ್ 12ರ ಜಮ್ಹೂರಿ. ಅಕ್ಟೋಬರ್ 10 ಸಹ ರಜೆಯೇ; ಹಲವು ಬಾರಿ ಹೆಸರು ಬದಲಾಗಿ 2024ರಿಂದ ಅದು ಮಜಿಂಗಿರಾ, ಅಂದರೆ ಪರಿಸರ ದಿನವಾಗಿದೆ. ರಜೆ ಭಾನುವಾರ ಬಂದರೆ ಕಾನೂನಿನನ್ವಯ ಸೋಮವಾರವೂ ರಜೆ. ನಮ್ಮಲ್ಲಿಯಂತೆ ಅದು ಭಾನುವಾರದೊಂದಿಗೇ ಮುಗಿದುಹೋಗುವುದಿಲ್ಲ. ಗುಡ್ ಫ್ರೈಡೇಯಿಂದ ಈಸ್ಟರ್ ಸೋಮವಾರದವರೆಗಿನ ನಾಲ್ಕು ದಿನಗಳಲ್ಲಿ ಕಚೇರಿ ಕೆಲಸ ಇಟ್ಟುಕೊಳ್ಳದಿರುವುದೇ ಲೇಸು. ಈದ್-ಉಲ್-ಫಿತ್ರ್ ಚಂದ್ರದರ್ಶನವನ್ನು ಅವಲಂಬಿಸಿರುವುದರಿಂದ ಒಂದು ದಿನ ಹಿಂದುಮುಂದಾಗಬಹುದು.

ಲೆಟರ್ ಆಫ್ ಕ್ರೆಡಿಟ್ ಮೇಲೆ ವ್ಯವಹರಿಸುವವರಿಗೆ ಇದು ಹಣದ ಪ್ರಶ್ನೆ. ದಾಖಲೆ ಸಲ್ಲಿಸಬೇಕಾದ ಬ್ಯಾಂಕಿಗೆ ಕೊನೆಯ ದಿನ ರಜೆಯಿದ್ದರೆ, ಯುಸಿಪಿ 600ರ 29ನೆಯ ವಿಧಿಯಂತೆ ಅವಧಿಯು ಮುಂದಿನ ಕೆಲಸದ ದಿನಕ್ಕೆ ಮುಂದುವರಿಯುತ್ತದೆ. ಸರಕನ್ನು ಹಡಗಿಗೇರಿಸುವ ಕೊನೆಯ ದಿನಾಂಕಕ್ಕೆ ಈ ರಿಯಾಯಿತಿ ಇಲ್ಲ. ಗಲಭೆಯಿಂದ ಬ್ಯಾಂಕು ಮುಚ್ಚಿದ್ದರೆ ಅನ್ವಯಿಸುವುದು 36ನೆಯ ವಿಧಿ; ಆ ನಡುವೆ ಅವಧಿ ತೀರಿದ ಪತ್ರಕ್ಕೆ ಬ್ಯಾಂಕು ತೆರೆದ ಮೇಲೂ ಹಣ ದೊರೆಯದು.

ಗಲಭೆಯ ಮಾತು ಸುಮ್ಮನೆ ಎತ್ತಿದ್ದಲ್ಲ. ರಜಾಪಟ್ಟಿಯಲ್ಲಿ ಇಲ್ಲದಿದ್ದರೂ ನೆನಪಿಡಬೇಕಾದ ಎರಡು ದಿನಗಳಿವೆ. 2024ರ ಜೂನ್ 25ರಂದು ತೆರಿಗೆ ಮಸೂದೆಯ ವಿರುದ್ಧ ಪ್ರತಿಭಟಿಸಿದವರು ಸಂಸತ್ ಭವನಕ್ಕೆ ನುಗ್ಗಿದರು. 2025ರ ಅದೇ ದಿನ ಮತ್ತೆ ಸಾವುನೋವುಗಳಾದವು. ಜುಲೈ 7, ಅಂದರೆ 'ಸಬಾ ಸಬಾ', 1990ರ ಪ್ರಜಾಪ್ರಭುತ್ವ ಚಳವಳಿಯ ನೆನಪಿನ ದಿನ. 2025ರಲ್ಲಿ ಅಂದು ಪೊಲೀಸರು ನೈರೋಬಿಯ ರಸ್ತೆಗಳನ್ನೇ ಮುಚ್ಚಿದ್ದರು. ಈ ದಿನಗಳಲ್ಲಿ ನಗರದ ಮಧ್ಯಭಾಗದಲ್ಲಿ ಭೇಟಿ ನಿಗದಿಪಡಿಸುವುದು ಸರಿಯಲ್ಲ. ಗುಂಪು ಕಂಡರೆ ಚಿತ್ರ ತೆಗೆಯುತ್ತಾ ನಿಲ್ಲಲೂಬಾರದು.

ಉಳಿದಂತೆ ಕತ್ತಲಾದ ಮೇಲೆ ನಡೆದು ಹೋಗದೆ ಹೋಟೆಲಿನವರು ಗೊತ್ತುಮಾಡಿದ ಟ್ಯಾಕ್ಸಿಯನ್ನೇ ಬಳಸಬೇಕು. ಎಂ-ಪೆಸಾ ಮೊಬೈಲ್ ಪಾವತಿ ಸರ್ವತ್ರ ಇರುವುದರಿಂದ ಹೆಚ್ಚು ನಗದು ಬೇಕಿಲ್ಲ. 2024ರ ಜನವರಿಯಿಂದ ವೀಸಾ ರದ್ದಾಗಿದ್ದರೂ ಆನ್‌ಲೈನ್ ಪ್ರಯಾಣ ಅನುಮತಿಯನ್ನು ಮುಂಚೆಯೇ ಪಡೆಯಬೇಕು.

ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಹಿಂತಿರುಗುವಾಗ ಭಾರತದ ವಿಮಾನನಿಲ್ದಾಣದಲ್ಲೇ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸ. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಸಿಂಧುವಾಗುವುದರಿಂದ, ಟಿಕೆಟ್ ಕೊಳ್ಳುವ ಮೊದಲೇ ಅಧಿಕೃತ ಲಸಿಕಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳತಕ್ಕದ್ದು.