ಚಡ್ಡಿಯ ಹುಕ್ಕು

ಪುಟ್ಟಿ, ‘ಸ್ಪೆಷಲ್ ಬಿ.ಎಡ್. ಮುಗೀತು, ಎಂ.ಎಡ್. ಸೇರಲಾ ಅತ್ತೆ?’ ಅಂತ ಕೇಳಿದ್ದೀಯ. ಸೇರು. ಆದರೆ ಮಕ್ಕಳ ಹಟ, ಜೊಲ್ಲು, ಕೂಗಾಟದಿಂದ ತಪ್ಪಿಸಿಕೊಂಡು ಕಾಲೇಜಿನ ಫ್ಯಾನಿನ ಕೆಳಗೆ ಕೂರುವ ಆಸೆಯಿಂದಾದರೆ ಬೇಡ.

ಫೀಸು ಕಟ್ಟುವ ಮುಂಚೆ ಒಂದು ವಿಚಾರಿಸು. ವಿಶ್ವವಿದ್ಯಾಲಯದ ಹೆಸರು ಎಷ್ಟೇ ದೊಡ್ಡದಿರಲಿ, ಆ ಕೋರ್ಸಿಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ, ಯಾವ ವಿಭಾಗಕ್ಕಿದೆ ಎಂದು ನೋಡು. 1992ರ ಕಾಯ್ದೆಯ ಪ್ರಕಾರ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಈ ವೃತ್ತಿ ಮಾಡುವಂತಿಲ್ಲ. ಮೈಸೂರಿನ ಆಯಿಷ್‌ನಲ್ಲಿ, ಅಂದರೆ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿದರೆ ಶ್ರವಣದೋಷದ ಮಕ್ಕಳ ಶಿಕ್ಷಣದಲ್ಲಿ ಪಳಗುತ್ತೀಯ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ ವೈಕಲ್ಯಗಳು 21. ಹಳ್ಳಿ ಶಾಲೆಯ ಬಾಗಿಲಿಗೆ ಬರುವ ಮಗು ನಿನ್ನ ವಿಭಾಗ ಕೇಳಿಕೊಂಡು ಬರುವುದಿಲ್ಲ. ಒಂದರಲ್ಲಿ ಗಟ್ಟಿಯಾಗು, ಉಳಿದದ್ದರ ಪರಿಚಯ ಇಟ್ಟುಕೋ.

ಕೆಲಸದ ಮಾತು. ಪ್ರಾಥಮಿಕದಲ್ಲಿ ವೈಕಲ್ಯವಿರುವ ಹತ್ತು ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಲೆಕ್ಕ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಲ್ಲೇ ಬಂತು. ಆದೇಶ ಬಂದಷ್ಟು ಬೇಗ ನೇಮಕಾತಿ ಬರುವುದಿಲ್ಲ. ಕೈಮೀರಿ ಸಾಲ ಮಾಡಿ ಓದಬೇಡ.

ಈಗ ಯಾವ ಪುಸ್ತಕವೂ ನನಗೆ ಹೇಳಿಕೊಡದಿದ್ದ ಸಂಗತಿ ಹೇಳುತ್ತೇನೆ. ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಅಂಗಿಯ ಗುಂಡಿ ಹಾಕುವುದನ್ನು ಕಲಿಸಲು ಕೂತಿದ್ದೆ. ಮೇಲಿನ ಗುಂಡಿಯಿಂದ ಶುರು ಮಾಡಿ ತಿಂಗಳುಗಟ್ಟಲೆ ಒದ್ದಾಡಿದೆ. ಅವನು ಅಂಗಿಯನ್ನೇ ಕಿತ್ತೆಸೆಯುತ್ತಿದ್ದ. ಆಮೇಲೆ ಓದಿದ್ದು ನೆನಪಾಗಿ ಕೆಲಸವನ್ನು ತಿರುಗಿಸಿದೆ. ನಾಲ್ಕು ಗುಂಡಿ ನಾನೇ ಹಾಕಿ, ಕೊನೆಯದನ್ನೂ ಕಾಜಿನೊಳಗೆ ಅರ್ಧ ತೂರಿಸಿ, ಎಳೆಯುವುದನ್ನಷ್ಟೇ ಅವನಿಗೆ ಬಿಟ್ಟೆ. ಎಳೆದ. ಬಂತು. ತಾನೇ ಮುಗಿಸಿದೆ ಎಂಬ ಖುಷಿಗೆ ಮರುದಿನ ಅಂಗಿ ಹಿಡಿದು ತಾನೇ ಬಂದ. ಬ್ಯಾಕ್‌ವರ್ಡ್ ಚೈನಿಂಗ್ ಅನ್ನುತ್ತಾರಲ್ಲ, ಅದೇ. ಮಳೆಗಾಲ ಮುಗಿಯುವ ಹೊತ್ತಿಗೆ ಐದೂ ಗುಂಡಿ ಅವನ ಕೈಗೆ ಬಂದವು.

ಬೀಗುತ್ತಾ ಅವನ ತಾಯಿಗೆ ತೋರಿಸಿದೆ. ಅವಳು ನಕ್ಕಳು. ‘ಮನೇಲಿ ಬನೀನೇ ಮೇಡಂ. ಆ ಚಡ್ಡಿ ಹುಕ್ಕು ಬಿಚ್ಚೋದು ಕಲಿಸಿದ್ರೆ ಸಾಕಿತ್ತು. ಬಚ್ಚಲಿಗೆ ಓಡಿಹೋಗ್ತಾನೆ, ಬಿಚ್ಚಕ್ಕಾಗಲ್ಲ, ಒದ್ದೆ ಮಾಡ್ಕೊಂಡು ಅಳ್ತಾನೆ.’

ಅವನ ಐಇಪಿ, ಅಂದರೆ ಅವನಿಗೆಂದೇ ಮಾಡಿದ ಕಲಿಕೆಯ ಯೋಜನೆ, ನಾನೇ ಬರೆದದ್ದು. ಗುರಿ, ಅವಧಿ, ಮೌಲ್ಯಮಾಪನ ಎಲ್ಲವೂ ಅಚ್ಚುಕಟ್ಟು. ತಾಯಿಯ ಸಹಿಯೂ ಇತ್ತು. ಸಹಿ ಹಾಕಿಸಿಕೊಂಡಿದ್ದೆ, ಕೇಳಿರಲಿಲ್ಲ.

ಎಂ.ಎಡ್.ನಲ್ಲಿ ಪ್ರಬಂಧಕ್ಕೆ ವಿಷಯ ಹುಡುಕು ಎನ್ನುತ್ತಾರೆ. ಗ್ರಂಥಾಲಯಕ್ಕೆ ಆಮೇಲೆ ಹೋಗು. ಮೊದಲು ಸಂಜೆ ಶಾಲೆಯ ಗೇಟಿನ ಹತ್ತಿರ ಮಗುವಿಗಾಗಿ ಕಾಯುತ್ತಿರುವ ತಾಯಂದಿರ ಪಕ್ಕ ಹೋಗಿ ಕೂರು. ‘ಪಾಪ’ ಅನ್ನಬೇಡ, ಆ ಮಾತು ಅವರಿಗೆ ಬಸ್ಸಿನಲ್ಲಿ, ಮದುವೆಮನೆಯಲ್ಲಿ ಬೇಕಾದಷ್ಟು ಸಿಗುತ್ತದೆ. ‘ದಿನದಲ್ಲಿ ಯಾವ ಹೊತ್ತು ನಿಮಗೆ ಕಷ್ಟ?’ ಅಂತ ಕೇಳು. ನಿನ್ನ ವಿಷಯ ಅಲ್ಲೇ ಸಿಗುತ್ತದೆ.

ಹುಕ್ಕು ಬಿಚ್ಚುವುದನ್ನು ಆ ಹುಡುಗ ಹದಿನೆಂಟು ದಿನದಲ್ಲಿ ಕಲಿತ. ತಾಯಿಯನ್ನು ಕೇಳುವುದನ್ನು ನಾನು ಕಲಿಯಲು ತೆಗೆದುಕೊಂಡದ್ದು ಹನ್ನೆರಡು ವರ್ಷದ ಸರ್ವಿಸು. ನೀನು ಅಷ್ಟು ತಡ ಮಾಡಬೇಡ.