ಶಿಂಕಾನ್ಸೆನ್ ಹತ್ತುವ ಮುನ್ನ

ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್ಸೆನ್‌ನಲ್ಲಿ ಹೊರಡುವವರು ಟಿಕೆಟ್ ಕಾಯ್ದಿರಿಸುವಾಗಲೇ ಬಲಬದಿಯ ಕಿಟಕಿ, ಅಂದರೆ ಸಾಮಾನ್ಯ ಬೋಗಿಯ ‘ಇ’ ಸೀಟು ಕೇಳಿ. ಹೊರಟು ಮುಕ್ಕಾಲು ಗಂಟೆಯಾಗುವಷ್ಟರಲ್ಲಿ, ಶಿನ್-ಫುಜಿ ನಿಲ್ದಾಣದ ಆಸುಪಾಸಿನಲ್ಲಿ, ಮೋಡವಿಲ್ಲದಿದ್ದರೆ ಫ್ಯೂಜಿ ಪರ್ವತ ಬುಡದಿಂದ ತುದಿಯವರೆಗೆ ಕಾಣುತ್ತದೆ. ರೈಲು ಗಂಟೆಗೆ 285 ಕಿ.ಮೀ.ವರೆಗೂ ಓಡುತ್ತದೆ; ಬ್ಯಾಗಿನಲ್ಲಿ ಮೊಬೈಲ್ ತಡಕಾಡುತ್ತಾ ಕೂತರೆ ಕ್ಯಾಮೆರಾಗೆ ಸಿಗುವುದು ಕಾರ್ಖಾನೆಯ ಚಿಮಣಿಗಳು ಮಾತ್ರ. ಮೊದಲು ಕಣ್ತುಂಬ ನೋಡಿ, ಫೋಟೊ ಆಮೇಲೆ.

1964ರ ಅಕ್ಟೋಬರ್ 1ರಂದು ಶುರುವಾದ ಈ ಮಾರ್ಗದಲ್ಲಿ ಈಗ ನೊಜೊಮಿ, ಹಿಕಾರಿ, ಕೊಡಮಾ ಎಂಬ ರೈಲುಗಳಿವೆ. ಕೊಡಮಾ ಎಲ್ಲ ಕಡೆಯೂ ನಿಲ್ಲುತ್ತದೆ. ಅವಸರವಿದ್ದರೆ ನೊಜೊಮಿಯೇ ಸರಿ.

ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ, ದೊಡ್ಡ ಲಗೇಜಿಗೆ ಜಾಗವಿರುವ ಸೀಟನ್ನೇ ಮುಂಗಡ ಕಾಯ್ದಿರಿಸಬೇಕು. ಇದಕ್ಕೆ ಹೆಚ್ಚಿನ ಹಣವಿಲ್ಲ, ಮರೆತು ಹತ್ತಿದರೆ ದಂಡವುಂಟು.

ನಿಲ್ದಾಣದಲ್ಲಿ ಮಾರುವ ಎಕಿಬೆನ್ ಬುತ್ತಿಯ ಅಂದ ನೋಡಿಯೇ ಹಸಿವಾಗುತ್ತದೆ. ಆದರೆ ಸಸ್ಯಾಹಾರಿಗಳೇ, ಬರೀ ತರಕಾರಿಯಂತೆ ಕಂಡದ್ದೂ ಮೀನಿನ ಸಾರದಲ್ಲಿ ಬೆಂದಿರಬಹುದು. ಕೇಳಿಯೇ ಕೊಳ್ಳಿ, ಹಣ್ಣು, ಬ್ರೆಡ್ಡು ಜೊತೆಗಿರಲಿ. ಫೋನ್ ಬಂದರೆ ಬಾಗಿಲ ಬಳಿಯ ಜಾಗಕ್ಕೆ ಎದ್ದುಹೋಗಿ ಮಾತಾಡಿ. ಕ್ಯೋಟೋದಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಘೋಷಣೆ ಕೇಳಿದ ಕೂಡಲೇ ಸಾಮಾನು ಹಿಡಿದು ಬಾಗಿಲಿಗೆ ಬನ್ನಿ.